ಹನ್ನೊಂದು ಮಂದಿ ಕಳ್ಳರು, ಮೂರು ಎದೆನೋವು

ಸಂಘದ ಚಿತ್ರಸಂಜೆಗೆ ಈ ಸಲ ಯಾವ ಚಿತ್ರ ಹಾಕಬೇಕೆಂದು ಸಮಿತಿಯಲ್ಲಿ ಮೂರು ವಾರ ಚರ್ಚೆ ನಡೆಯಿತು. ಮಕ್ಕಳಿಗೂ ಹಿಡಿಸಬೇಕು, ಅವರ ಅಪ್ಪ ಅಮ್ಮಂದಿರಿಗೂ ಹಿಡಿಸಬೇಕು, ಊರಿನಿಂದ ಬಂದಿರುವ ಹಿರಿಯರೂ ನಡುವೆ ಎದ್ದು ಹೋಗಬಾರದು ಎಂಬ ಷರತ್ತು. ಆಗ ನಾವು ಸೂಚಿಸಿದ್ದು ‘ಓಷನ್ಸ್ ಇಲೆವೆನ್’. ಸ್ಟೀವನ್ ಸೋಡರ್‌ಬರ್ಗ್ ನಿರ್ದೇಶಿಸಿ 2001ರ ಡಿಸೆಂಬರಿನಲ್ಲಿ ಬಿಡುಗಡೆಯಾದ ಚಿತ್ರ. ಚಿತ್ರ ಮುಗಿದು ಉಪ್ಪಿಟ್ಟು, ಕೇಸರಿಬಾತಿನ ಮುಂದೆ ಸಾಲು ನಿಂತಿದ್ದಾಗ ಸಂಪಾದಕರು ಬಂದು, “ಆರಿಸಿದವರೇ ವಿಮರ್ಶೆಯನ್ನೂ ಬರೆದುಕೊಡಬೇಕು” ಎಂದು ಗಂಟು ಹಾಕಿದರು. ತಪ್ಪಿಸಿಕೊಳ್ಳುತ್ತಿದ್ದೆವೇನೋ. ಆದರೆ ಅದೇ ಸಾಲಿನಲ್ಲಿ ನಮ್ಮ ಹಿಂದೆ ನಿಂತಿದ್ದ ತಿಪಟೂರು ಕಡೆಯ ಅಜ್ಜಿಯೊಬ್ಬರು, ಮಗಳ ಬಾಣಂತನಕ್ಕೆ ಬಂದವರು, ಒಂದು ಪ್ರಶ್ನೆ ಕೇಳಿದರು: “ಡಾಕ್ಟ್ರೇ, ಹುಡುಗರು ಜಾಣರು, ಚೆನ್ನಾಗಿ ಕದ್ದರು. ಆದ್ರೆ ಆ ದುಡ್ಡು ಯಾರದ್ದು?”

ಕ್ಯಾಸಿನೊ ಮಾಲೀಕನದು ಅಂದೆವು. “ಅವನಿಗೆ ಎಲ್ಲಿಂದ ಬಂತು?” ಅಂದರು. ಅಷ್ಟರಲ್ಲಿ ಕೇಸರಿಬಾತು ಬಂತು, ಮಾತು ಅಲ್ಲಿಗೇ ನಿಂತಿತು. ಮನೆಗೆ ಬಂದ ಮೇಲೂ ಪ್ರಶ್ನೆ ಮಾತ್ರ ಬಿಡಲಿಲ್ಲ.

ಮಕ್ಕಳಿಗೆ ಹೋಂವರ್ಕ್ ಇದ್ದು ಬಾರದೇ ಹೋದವರಿಗಾಗಿ ಕತೆ ಹೇಳಬೇಕು. ಡ್ಯಾನಿ ಓಷನ್ ನ್ಯೂಜೆರ್ಸಿಯ ಸೆರೆಮನೆಯಿಂದ ಪೆರೋಲ್ ಮೇಲೆ ಹೊರಬರುತ್ತಾನೆ. ಜಾರ್ಜ್ ಕ್ಲೂನಿ ಈ ಪಾತ್ರದಲ್ಲಿ ಮದುವೆಮನೆಯಿಂದ ಹೊರಟವನ ಹಾಗೆ ಕಾಣುತ್ತಾನೆ. ಹಳೆಯ ಗೆಳೆಯ ರಸ್ಟಿಯನ್ನು, ಎಂದರೆ ಬ್ರ್ಯಾಡ್ ಪಿಟ್‌ನನ್ನು, ಹುಡುಕಿ ಲಾಸ್ ವೇಗಸ್‌ನ ಮೂರು ಕ್ಯಾಸಿನೊಗಳನ್ನು ಒಂದೇ ರಾತ್ರಿ ದೋಚುವ ಯೋಜನೆ ಹೂಡುತ್ತಾನೆ. ಬೆಲಾಜಿಯೊ, ಮಿರಾಜ್, ಎಂಜಿಎಂ ಗ್ರ್ಯಾಂಡ್. ಮೂರಕ್ಕೂ ಒಡೆಯ ಟೆರಿ ಬೆನೆಡಿಕ್ಟ್. ಮೂರರ ಹಣವೂ ನೆಲದಡಿಯ ಒಂದೇ ತಿಜೋರಿಗೆ ಬರುತ್ತದೆ. ಲೆನಾಕ್ಸ್ ಲೂಯಿಸ್ ಮತ್ತು ವ್ಲಾದಿಮಿರ್ ಕ್ಲಿಚ್ಕೊ ಬಾಕ್ಸಿಂಗ್ ಕಾಳಗದ ರಾತ್ರಿ ಅಲ್ಲಿ 16 ಕೋಟಿ ಡಾಲರಿಗೂ ಹೆಚ್ಚು ನಗದು ಇರುತ್ತದೆ. ಇದಕ್ಕೆ ಹನ್ನೊಂದು ಜನ ಬೇಕು. ಜೇಬುಗಳ್ಳನೊಬ್ಬ, ಸಿಡಿಮದ್ದಿನವನೊಬ್ಬ, ಕ್ಯಾಮೆರಾ ತಂತಿಗಳಿಗೆ ಕೈಹಾಕುವವನೊಬ್ಬ, ಇಸ್ಪೀಟೆಲೆ ಹಂಚುವವನೊಬ್ಬ, ಮೈಯನ್ನು ಚಪಾತಿ ಹಿಟ್ಟಿನಂತೆ ಮಡಚಿ ಪೆಟ್ಟಿಗೆಯೊಳಗೆ ಕೂರುವ ಚೀನೀ ದೊಂಬರಾಟದವನೊಬ್ಬ, ಒಬ್ಬರನ್ನೊಬ್ಬರು ಕಂಡರಾಗದ ಅಣ್ಣತಮ್ಮಂದಿರಿಬ್ಬರು, ಬಂಡವಾಳ ಹಾಕುವ ಹಳೆಯ ಹೋಟೆಲ್ ಧಣಿಯೊಬ್ಬ, ಹೊಟ್ಟೆಹುಣ್ಣಿನ ಮುದುಕನೊಬ್ಬ. ಇಷ್ಟಕ್ಕೂ ಹಿಂದೆ ಇನ್ನೊಂದು ಗುಟ್ಟಿದೆ. ಡ್ಯಾನಿಯನ್ನು ಬಿಟ್ಟುಹೋದ ಹೆಂಡತಿ ಟೆಸ್, ಎಂದರೆ ಜೂಲಿಯಾ ರಾಬರ್ಟ್ಸ್, ಈಗ ಅದೇ ಬೆನೆಡಿಕ್ಟ್‌ನ ಜೊತೆಗಿದ್ದಾಳೆ.

ಈ ಚಿತ್ರ ನಮಗೆ ಬಹಳ ಇಷ್ಟ. ಮುಂದೆ ನಾವು ತಕರಾರು ತೆಗೆಯುವವರಿರುವುದರಿಂದ ಇದನ್ನು ಮೊದಲೇ ಹೇಳಿಬಿಡುವುದು ನ್ಯಾಯ.

ಏಕೆ ಇಷ್ಟ? ಮೊದಲನೆಯದಾಗಿ, ಯಾರೂ ಕಿರುಚುವುದಿಲ್ಲ. ಇಂಥ ಚಿತ್ರಗಳಲ್ಲಿ ಕಾರು ಹಾರಬೇಕು, ಗಾಜು ಒಡೆಯಬೇಕು. ಇಲ್ಲಿ ಜನ ಅರ್ಧ ವಾಕ್ಯ ಆಡುತ್ತಾರೆ, ಉಳಿದರ್ಧವನ್ನು ಎದುರಿನವನು ಮನಸ್ಸಿನಲ್ಲೇ ಪೂರೈಸಿಕೊಳ್ಳುತ್ತಾನೆ. ಒಂದು ದೃಶ್ಯದಲ್ಲಿ ಡ್ಯಾನಿ ಮತ್ತು ರಸ್ಟಿ ಕೂತು ತಂಡಕ್ಕೆ ಎಷ್ಟು ಜನ ಸಾಕೆಂದು ಲೆಕ್ಕ ಹಾಕುತ್ತಾರೆ. ಮಾತಾಡುವುದೆಲ್ಲ ಡ್ಯಾನಿಯೇ. ಹತ್ತು ಸಾಕು ಅನ್ನುತ್ತಾನೆ, ರಸ್ಟಿ ಸುಮ್ಮನಿರುತ್ತಾನೆ. ಇನ್ನೊಬ್ಬ ಬೇಕು ಅನ್ನಿಸುತ್ತಿದೆಯಾ ಅನ್ನುತ್ತಾನೆ, ರಸ್ಟಿ ಆಗಲೂ ಸುಮ್ಮನಿರುತ್ತಾನೆ. ಸರಿ, ಇನ್ನೊಬ್ಬನನ್ನು ಹುಡುಕೋಣ ಎಂದು ತಾನೇ ತೀರ್ಮಾನಿಸುತ್ತಾನೆ. ಇಪ್ಪತ್ತೈದು ವರ್ಷ ಸಂಸಾರ ಮಾಡಿದವರಿಗೆ ಈ ದೃಶ್ಯವನ್ನು ಯಾರೂ ವಿವರಿಸಬೇಕಾಗಿಲ್ಲ. ನಮ್ಮ ಮನೆಯವರು ಮೊಣಕೈಯಿಂದ ತಿವಿದರು.

ಇನ್ನು ರಸ್ಟಿ ಚಿತ್ರದುದ್ದಕ್ಕೂ ಏನಾದರೊಂದನ್ನು ತಿನ್ನುತ್ತಲೇ ಇರುತ್ತಾನೆ. ಮಕ್ಕಳು ಅದನ್ನು ಎಣಿಸತೊಡಗಿ ಹಿಂದಿನ ಸಾಲಿನಲ್ಲಿ ಗಲಾಟೆಯೇ ಆಯಿತು. ಕಳ್ಳನೊಬ್ಬನನ್ನು ಪ್ರೀತಿಸುವಂತೆ ಮಾಡಬೇಕಾದರೆ ಅವನ ಕೈಗೆ ತಿಂಡಿ ಕೊಡಬೇಕು ಎಂಬುದನ್ನು ಸೋಡರ್‌ಬರ್ಗ್ ಬಲ್ಲರು. ನಮ್ಮ ಬೆಣ್ಣೆಕಳ್ಳನನ್ನು ಬಲ್ಲವರಿಗೆ ಇದು ಹೊಸದಲ್ಲ.

ಎರಡನೆಯದು, ಟೋಪಿ ಹಾಕುವ ಕಲೆಯನ್ನು ನಿರ್ದೇಶಕರು ನಮ್ಮ ಮೇಲೇ ಪ್ರಯೋಗಿಸುತ್ತಾರೆ. ಯೋಜನೆಯನ್ನೆಲ್ಲ ನಮಗೆ ವಿವರಿಸುತ್ತಾರೆ, ನಕ್ಷೆ ತೋರಿಸುತ್ತಾರೆ, ತಿಜೋರಿಯ ಪ್ರತಿರೂಪವನ್ನೇ ಕಟ್ಟಿ ಅಭ್ಯಾಸ ಮಾಡುವುದನ್ನೂ ತೋರಿಸುತ್ತಾರೆ. ನಾವೂ ಹನ್ನೆರಡನೆಯ ಕಳ್ಳರಾಗಿ ಹೆಮ್ಮೆಯಿಂದ ಕೂತಿರುತ್ತೇವೆ. ಆದರೆ ಆ ಪ್ರತಿರೂಪ ಅಭ್ಯಾಸಕ್ಕಷ್ಟೇ ಅಲ್ಲ, ಅದರಲ್ಲಿ ಕಳ್ಳತನದ ಸುಳ್ಳು ಚಿತ್ರಣ ಮಾಡಿ ಬೆನೆಡಿಕ್ಟ್‌ನ ಟಿವಿ ಪರದೆಗಳಿಗೆ ಹರಿಸಲಿಕ್ಕೆ ಎಂಬ ಒಂದು ಸಂಗತಿಯನ್ನು ಮಾತ್ರ ಮುಚ್ಚಿಡುತ್ತಾರೆ. ಅವನು ಗಾಬರಿಯಾಗಿ ಕರೆಸಿದ ಸ್ವಾಟ್ ಪೊಲೀಸರೂ ಇವರೇ. ಹಣವನ್ನು ಹೆಗಲ ಮೇಲೆ ಹೊತ್ತು, ಮಾಲೀಕನ ಕಣ್ಣೆದುರೇ, ಮುಂಬಾಗಿಲಿನಿಂದ ಹೊರಟುಹೋಗುತ್ತಾರೆ. ಬೆನೆಡಿಕ್ಟ್ ಪೆಚ್ಚಾದ ಕ್ಷಣವೇ ನಾವೂ ಪೆಚ್ಚಾಗುತ್ತೇವೆ. ವ್ಯತ್ಯಾಸವೆಂದರೆ ನಾವು ಚಪ್ಪಾಳೆ ತಟ್ಟುತ್ತೇವೆ.

ನಾವು ಎಂಟು ವರ್ಷದವರಿದ್ದಾಗ ‘ಆಪರೇಷನ್ ಡೈಮಂಡ್ ರಾಕೆಟ್’ ಬಂದಿತ್ತು, 1978ರಲ್ಲಿ. ಅದಕ್ಕೂ ಮೊದಲಿನ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’ 1969ರದ್ದು, ಅದನ್ನು ಊರಿನ ಟೆಂಟಿಗೆ ಮತ್ತೆ ಬಂದಾಗ ನೋಡಿದ್ದು. ಅಲ್ಲಿ ನಮ್ಮ ಅಣ್ಣಾವ್ರು ಕಾನೂನಿನ ಪಕ್ಷ. ಕಳ್ಳ ಎಷ್ಟೇ ಸೊಗಸುಗಾರನಾದರೂ ಕೊನೆಯ ರೀಲಿನಲ್ಲಿ ಒದೆ ತಿನ್ನಲೇಬೇಕು. ಆ ಶಿಸ್ತಿನಲ್ಲಿ ಬೆಳೆದ ನಾವು ರೆಸಿಡೆನ್ಸಿ ದಿನಗಳ ಒಂದು ಅಪರೂಪದ ರಜೆಯ ಸಂಜೆ ಈ ಚಿತ್ರ ನೋಡಿ, ಕಳ್ಳರ ಪರವಾಗಿ ಸೀಟಿನ ತುದಿಯಲ್ಲಿ ಕೂತಿದ್ದೆವು ಎಂಬುದು ಸುಳ್ಳಲ್ಲ.

ತಪ್ಪುಗಳಿಲ್ಲವೆಂದಲ್ಲ. ಬೆನೆಡಿಕ್ಟ್‌ನ ಕಡೆಯವರು ವ್ಯಾನಿಗೆ ಒಯ್ದ ಚೀಲಗಳಲ್ಲಿ ಕೊನೆಗೆ ಸಿಗುವುದು ಹಣವಲ್ಲ, ಜಾಹೀರಾತು ಚೀಟಿಗಳು. ಆ ಚೀಟಿಗಳು ತಿಜೋರಿಯೊಳಗೆ ಹೋದದ್ದು ಹೇಗೆ? ಚಿತ್ರ ಹೇಳುವುದಿಲ್ಲ. ಊರಿನ ದೀಪವನ್ನೆಲ್ಲ ಆರಿಸುವ ‘ಪಿಂಚ್’ ಎಂಬ ಯಂತ್ರ ವ್ಯಾನಿನಲ್ಲಿ ಹಿಡಿಯುತ್ತದೆ. ಆ ಹೆಸರಿನ ವಿದ್ಯಮಾನ ಭೌತಶಾಸ್ತ್ರದಲ್ಲಿ ಇದೆ. ಆದರೆ ಆಲ್ಬುಕರ್ಕಿಯ ಸ್ಯಾಂಡಿಯಾ ಪ್ರಯೋಗಾಲಯದಲ್ಲಿರುವ ಅಂಥ ಯಂತ್ರಕ್ಕೆ ಒಂದು ಕಟ್ಟಡವೇ ಬೇಕು, ಮತ್ತು ಅದು ಊರಿನ ದೀಪ ಆರಿಸುವುದಿಲ್ಲ. ಇನ್ನು ತೂಕ. ಡಾಲರ್ ನೋಟೊಂದು ಸುಮಾರು ಒಂದು ಗ್ರಾಂ. 16 ಕೋಟಿಯೂ ನೂರರ ನೋಟೇ ಅಂದುಕೊಂಡರೂ 1,600 ಕಿಲೋ ಆಯಿತು. ಅಷ್ಟನ್ನು ಬೆರಳೆಣಿಕೆಯ ಮಂದಿ ಬೆನ್ನು ಹಿಡಿದುಕೊಳ್ಳದೆ ಹೊತ್ತು ನಡೆದರೆಂದರೆ ಮೂಳೆ ಡಾಕ್ಟರ್ ಗೆಳೆಯರೊಬ್ಬರು ನಂಬಲು ಸಿದ್ಧರಿಲ್ಲ. ಇವೆಲ್ಲ ಮನೆಗೆ ಬಂದು ಹಲ್ಲುಜ್ಜುವಾಗ ಹೊಳೆಯುವ ತಪ್ಪುಗಳು. ನೋಡುವಾಗ ಹೊಳೆಯದಂತೆ ಮಾಡಿರುವುದೇ ಜಾಣತನ.

ವೈದ್ಯರಾಗಿ ನಾವು ಸುಮ್ಮನೆ ಬಿಡಲಾಗದ್ದು ಮಾತ್ರ ಬೇರೊಂದು. ಹೊಟ್ಟೆಹುಣ್ಣಿನ ಮುದುಕ ಸಾಲ್, ಈ ಪಾತ್ರವನ್ನು ಕಾರ್ಲ್ ರೈನರ್ ಅದ್ಭುತವಾಗಿ ಮಾಡಿದ್ದಾರೆ, ಶ್ರೀಮಂತ ಶಸ್ತ್ರ ವ್ಯಾಪಾರಿಯ ವೇಷದಲ್ಲಿ ಕ್ಯಾಸಿನೊದ ಕಾವಲು ಕೋಣೆಯೊಳಗೇ ಹೋಗಿ, ಎದೆ ಹಿಡಿದುಕೊಂಡು ಬೀಳುತ್ತಾನೆ. ಕಾವಲುಗಾರರ ಕಣ್ಣು ಪರದೆಗಳಿಂದ ಅವನ ಕಡೆಗೆ ಹೊರಳುತ್ತದೆ. ಅದೇ ವೇಳೆಗೆ ಡ್ಯಾನಿ ಲಿಫ್ಟಿನ ಬಾವಿಯಲ್ಲಿ ಇಳಿಯುತ್ತಿರುತ್ತಾನೆ. ಡಾಕ್ಟರ್ ವೇಷ ಹಾಕಿದ ರಸ್ಟಿ ಬಂದು, ಇವನು ಹೋದ ಎಂದು ಹೇಳಿಬಿಡುತ್ತಾನೆ. ಎದೆಗೆ ವಿದ್ಯುತ್ ಆಘಾತ ಕೊಡುವ ಡಿಫಿಬ್ರಿಲೇಟರ್ ಪೆಟ್ಟಿಗೆಯನ್ನು ಯಾರೂ ತರುವುದಿಲ್ಲ.

ಇದೊಂದು ತಮಾಷೆ ನೋಡಿ. ಚಿತ್ರ ಬರುವುದಕ್ಕೆ ಒಂದು ವರ್ಷ ಮೊದಲು, 2000ದ ಅಕ್ಟೋಬರಿನಲ್ಲಿ, ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಒಂದು ಲೇಖನ ಬಂದಿತ್ತು. ಕ್ಯಾಸಿನೊಗಳ ಕಾವಲುಗಾರರಿಗೇ ಈ ಪೆಟ್ಟಿಗೆ ಬಳಸಲು ಕಲಿಸಿ ನೋಡಿದ ಅಧ್ಯಯನ. ಹೃದಯದ ಲಯ ಕೆಟ್ಟು ಕುಸಿದ 105 ಮಂದಿಯಲ್ಲಿ 56 ಮಂದಿ ಬದುಕಿ ಮನೆಗೆ ಹೋದರು. ಮೂರು ನಿಮಿಷದೊಳಗೆ ಆಘಾತ ಕೊಟ್ಟವರಲ್ಲಿ ಬದುಕಿದವರು ನೂರಕ್ಕೆ 74. ಎಂಥ ಆಸ್ಪತ್ರೆಯೂ ಹೊಟ್ಟೆಕಿಚ್ಚು ಪಡುವ ಅಂಕಿ ಅದು. ಕಾರಣ ಸರಳ. ಕ್ಯಾಸಿನೊದಲ್ಲಿ ಯಾರೂ ಒಂಟಿಯಾಗಿ ಕುಸಿಯುವುದಿಲ್ಲ, ತಲೆಯ ಮೇಲೆ ಕ್ಯಾಮೆರಾ ಇರುತ್ತದೆ. ಕುಸಿದ ಗಳಿಗೆಯನ್ನು ಸಂಶೋಧಕರು ಲೆಕ್ಕ ಹಾಕಿದ್ದೂ ಆ ಕ್ಯಾಮೆರಾಗಳಿಂದಲೇ. ನಾವು ಆಗ ರೆಸಿಡೆಂಟುಗಳು. ಆ ಲೇಖನವನ್ನು ಬೆಳಗಿನ ಸಭೆಯಲ್ಲಿ ಓದಿ ಚರ್ಚಿಸಿದ್ದೆವು. ಮರುವರ್ಷ ಸಾಲ್ ಬಿದ್ದಾಗ, ಇಡೀ ಚಿತ್ರಮಂದಿರ ನಗುತ್ತಿದ್ದರೆ, ಪೆಟ್ಟಿಗೆ ಎಲ್ಲಿ, ಪೆಟ್ಟಿಗೆ ತನ್ನಿ ಎಂದು ನಮ್ಮ ಕೈ ತುರಿಸುತ್ತಿತ್ತು.

ಈ ಸುಳ್ಳು ಎದೆನೋವಿಗೆ ಒಂದು ಪೂರ್ವಜನ್ಮವಿದೆ. 2001ರ ಚಿತ್ರ 1960ರ ಅದೇ ಹೆಸರಿನ ಚಿತ್ರದ ಮರುಸೃಷ್ಟಿ. ಅದನ್ನು ನಿರ್ದೇಶಿಸಿದವರು ಲೂಯಿಸ್ ಮೈಲ್‌ಸ್ಟೋನ್. ಫ್ರ್ಯಾಂಕ್ ಸಿನಾತ್ರಾ, ಡೀನ್ ಮಾರ್ಟಿನ್, ಸ್ಯಾಮಿ ಡೇವಿಸ್ ಜೂನಿಯರ್ ಮೊದಲಾದ ಗೆಳೆಯರು ಹಗಲು ಚಿತ್ರದಲ್ಲಿ ನಟಿಸುತ್ತ, ರಾತ್ರಿ ಸ್ಯಾಂಡ್ಸ್ ಹೋಟೆಲಿನಲ್ಲಿ ಹಾಡುತ್ತ ಮುಗಿಸಿದ ಚಿತ್ರ. ಯುದ್ಧಕಾಲದ ಹನ್ನೊಂದು ಮಂದಿ ಸೈನಿಕ ಗೆಳೆಯರು ಹೊಸವರ್ಷದ ನಡುರಾತ್ರಿ ವಿದ್ಯುತ್ ಗೋಪುರ ಸಿಡಿಸಿ ಐದು ಕ್ಯಾಸಿನೊ ದೋಚುತ್ತಾರೆ. ನಿಜ ಹೇಳಬೇಕೆಂದರೆ ಅದು ಸೋಮಾರಿ ಚಿತ್ರ. ಮೊದಲ ಒಂದು ಗಂಟೆ ಗೆಳೆಯರು ಸೋಫಾದ ಮೇಲೆ ಕೂತು ಕುಡಿಯುವುದೇ ಆಯಿತು. ಹಣವನ್ನೆಲ್ಲ ಊರಾಚೆಗೆ ಸಾಗಿಸುವ ಕಸದ ಲಾರಿಯ ಚಾಲಕನ ಪಾತ್ರ ಸ್ಯಾಮಿ ಡೇವಿಸ್‌ಗೆ. ಆ ವರ್ಷದ ಮಾರ್ಚಿನ ತನಕ ಆ ಬೀದಿಯ ಹೋಟೆಲುಗಳಲ್ಲಿ ಕಪ್ಪು ಜನರು ಹಾಡಬಹುದಿತ್ತು, ಸಾಮಾನ್ಯವಾಗಿ ಅತಿಥಿಗಳಾಗಿ ಒಳಗೆ ಬರುವಂತಿರಲಿಲ್ಲ ಎಂಬುದನ್ನು ನೆನೆದರೆ, ಆ ಲಾರಿ ಬೇರೆಯಾಗಿ ಕಾಣುತ್ತದೆ.

ಆ ಹನ್ನೊಂದರಲ್ಲಿ ಟೋನಿ ಬರ್ಗ್‌ಡಾರ್ಫ್ ಎಂಬ ಎಲೆಕ್ಟ್ರಿಷಿಯನ್ ಒಬ್ಬ. ಚಿತ್ರದ ಆರಂಭದಲ್ಲೇ ಅವನು ಡಾಕ್ಟರ ಮುಂದೆ ಕೂತಿರುತ್ತಾನೆ. ಹೃದಯ ಕೆಟ್ಟಿದೆ, ಹೆಚ್ಚು ದಿನವಿಲ್ಲ. ಹೆಂಡತಿ ದೂರವಾಗಿದ್ದಾಳೆ, ಚಿಕ್ಕ ಮಗನಿದ್ದಾನೆ. ಮಗನಿಗೆ ಏನಾದರೂ ಬಿಟ್ಟುಹೋಗಬೇಕೆಂದು ಕಳ್ಳತನಕ್ಕೆ ಸೇರುತ್ತಾನೆ. ಕೆಲಸ ಸರಿಯಾಗಿ ಮುಗಿಸಿ, ದೀಪಗಳ ಬೀದಿಗೆ ಬಂದು, ಅಲ್ಲೇ ಕುಸಿದು ಸಾಯುತ್ತಾನೆ. ಪೊಲೀಸರ ಕಾವಲು ಬಿಗಿಯಾಗಿ ಊರಿನಿಂದ ಹಣ ಸಾಗಿಸುವುದು ಕಷ್ಟವಾದಾಗ ಗೆಳೆಯರು ಅದನ್ನು ಅವನ ಶವಪೆಟ್ಟಿಗೆಯಲ್ಲೇ ಅಡಗಿಸುತ್ತಾರೆ. ಅಂತ್ಯಕ್ರಿಯೆಯ ಪ್ರಾರ್ಥನೆಗೆ ಎಲ್ಲರೂ ಸಾಲಾಗಿ ಕೂತಿದ್ದಾರೆ. ಒಳಗಿನಿಂದ ಒಂದು ಸದ್ದು ಕೇಳುತ್ತದೆ. ಏನದು ಎಂದರೆ, ಹೂಳುವುದು ಬೇಡ, ಇಲ್ಲೇ ದಹನ ಮಾಡಿಸೋಣ ಎಂದು ವಿಧವೆ ಒಪ್ಪಿಬಿಟ್ಟಿದ್ದಾಳೆ. ಮುಖದಿಂದ ಮುಖಕ್ಕೆ ಕ್ಯಾಮೆರಾ ಹೋಗುತ್ತದೆ. ಮಾತಿಲ್ಲ. ಆಮೇಲೆ ಅವರು ಬಿಸಿಲಿನ ಬೀದಿಯಲ್ಲಿ ಒಬ್ಬರ ಹಿಂದೊಬ್ಬರು ಬರಿಗೈಯಲ್ಲಿ ನಡೆದುಹೋಗುತ್ತಾರೆ. ಸೋಮಾರಿ ಚಿತ್ರದ ಈ ಕೊನೆಯ ಹತ್ತು ನಿಮಿಷಕ್ಕೆ ಸಮನಾದದ್ದು ಹೊಸ ಚಿತ್ರದಲ್ಲಿ ಇಲ್ಲವೆಂದೇ ನಮ್ಮ ಮತ.

ಹಳೆಯ ಚಿತ್ರದಲ್ಲಿ ಹೃದಯಾಘಾತ ನಿಜ, ಅದು ಯೋಜನೆಯನ್ನೇ ಸುಡುತ್ತದೆ. ಹೊಸ ಚಿತ್ರದಲ್ಲಿ ಹೃದಯಾಘಾತ ನಾಟಕ, ಅದು ಯೋಜನೆಯನ್ನು ಗೆಲ್ಲಿಸುತ್ತದೆ. ನಲವತ್ತೊಂದು ವರ್ಷಗಳಲ್ಲಿ ಅಷ್ಟು ಬದಲಾಗಿದೆ. ಹೊಸ ಚಿತ್ರದಲ್ಲಿ ಯಾರೂ ಯಾವುದಕ್ಕೂ ಬೆಲೆ ತೆರುವುದಿಲ್ಲ. ಗುಂಡೇಟು ಯಾರಿಗೂ ತಾಗುವುದಿಲ್ಲ, ಹೆಂಡತಿ ವಾಪಸು ಬರುತ್ತಾಳೆ, ಡ್ಯಾನಿಗೆ ಪೆರೋಲ್ ಮುರಿದದ್ದಕ್ಕೆ ಕೆಲವು ತಿಂಗಳು ಸೆರೆ, ಅಷ್ಟೆ. ಬೆಲಾಜಿಯೊದ ಕಾರಂಜಿಯ ಮುಂದೆ ದೆಬ್ಯುಸಿಯ ಸಂಗೀತ ಹರಿಯುತ್ತಿರಲು ಕಳ್ಳರು ಮಾತಿಲ್ಲದೆ ನಿಂತು ಒಬ್ಬೊಬ್ಬರಾಗಿ ಹೊರಟುಹೋಗುತ್ತಾರೆ. ಹಳೆಯ ಚಿತ್ರದ ಬರಿಗೈ ನಡಿಗೆಗೆ ಇದು ಪ್ರಣಾಮ, ಒಪ್ಪೋಣ. ಕಣ್ಣು ತುಂಬಿಬರುವಷ್ಟು ಚೆಂದವೂ ಹೌದು. ಆದರೆ ಇವರ ಕೈ ತುಂಬಿದೆ.

ಮತ್ತೆ ಅಜ್ಜಿಯ ಪ್ರಶ್ನೆ. ಆ ದುಡ್ಡು ಯಾರದ್ದು? ಮನೆಯಲ್ಲಿ ಚಿತ್ರವನ್ನು ಮತ್ತೊಮ್ಮೆ ಹಾಕಿ, ಈ ಒಂದು ಪ್ರಶ್ನೆಯನ್ನೇ ಹಿಡಿದು ನೋಡಿದೆವು. ಇಡೀ ಚಿತ್ರ ನಡೆಯುವುದು ಜೂಜುಕಟ್ಟೆಯಲ್ಲಿ. ಜೂಜಾಡಿ ಸೋತು ನೊಂದವನೆಂದು ನೆನಪಿನಲ್ಲಿ ನಿಲ್ಲುವ ಒಂದು ಮುಖವೂ ಅಲ್ಲಿಲ್ಲ. ಸೋಲುವವರೆಂದು ತೋರಿಸುವುದು ರಸ್ಟಿಯ ಬಳಿ ಪೋಕರ್ ಕಲಿಯುವ ಟಿವಿ ತಾರೆಯರನ್ನು. ಅವರು ಎಳೆಯ ಮೂಢರು, ಸಿರಿವಂತರು, ಸೋತರೆ ನಗು ಬರುತ್ತದೆ. ಉಳಿದಂತೆ ಮೇಜುಗಳ ಸುತ್ತ ಇರುವ ಜನ ಬರೀ ಬಣ್ಣ ಮತ್ತು ಬೆಳಕು. ಹೆಚ್ಚು ಹೊತ್ತು ಆಡಿದರೆ ಗೆಲ್ಲುವುದು ಮನೆಯವನೇ ಎಂಬ ಮಾತನ್ನು ಡ್ಯಾನಿ ಒಮ್ಮೆ ಆಡುತ್ತಾನೆ. ಅದನ್ನೂ ರಸ್ಟಿ, ಈ ಭಾಷಣ ಅಭ್ಯಾಸ ಮಾಡಿಕೊಂಡು ಬಂದೆಯಾ ಎಂಬರ್ಥದಲ್ಲಿ ಚೇಡಿಸಿ ಹಗುರ ಮಾಡಿಬಿಡುತ್ತಾನೆ.

ಡ್ಯಾನಿ ಹೇಳಿದ್ದು ಲೆಕ್ಕದ ಮಾತು. ಅಮೆರಿಕದ ರೂಲೆಟ್ ಚಕ್ರದಲ್ಲಿ ಸಾಮಾನ್ಯವಾಗಿ 38 ಮನೆ. ಒಂದು ಅಂಕಿಯ ಮೇಲೆ ಕಟ್ಟಿ ಗೆದ್ದರೆ ಕೊಡುವುದು ಒಂದಕ್ಕೆ 35. ಆ ಸಣ್ಣ ವ್ಯತ್ಯಾಸದಿಂದ ಕಟ್ಟಿದ ಪ್ರತಿ ನೂರು ಡಾಲರಿನಲ್ಲಿ ಸರಾಸರಿ ಐದೂಕಾಲು ಮೇಜಿನ ಆಚೆಗೆ ಉಳಿಯುತ್ತದೆ. ಮೋಸವೇ ಬೇಡ. ಗುಣಾಕಾರ ಸಾಕು. ತಿಜೋರಿ ತುಂಬುವುದು ಹಾಗೆ, ಅಜ್ಜಿ.

ನಮ್ಮಲ್ಲಿ ಜೂಜಿನ ಕತೆ ಇಲ್ಲವೇ? ಊರಿನ ದೇವಸ್ಥಾನದಲ್ಲಿ ಗಮಕದವರು ಕುಮಾರವ್ಯಾಸನ ಸಭಾಪರ್ವ ಓದುತ್ತಿದ್ದುದನ್ನು ಕೇಳಿ ಬೆಳೆದವರು ನಾವು. ಅಲ್ಲಿಯೂ ಜಾಣ ಆಟಗಾರನಿದ್ದಾನೆ. ಶಕುನಿಗಿಂತ ನಿಪುಣ ಟೋಪಿವಾಲ ಯಾರು? ಆದರೆ ಕತೆ ಶಕುನಿಯ ಜೊತೆ ಹೋಗುವುದಿಲ್ಲ. ಸೋಲುವವನ ಜೊತೆಗೇ ಕೂರುತ್ತದೆ. ರಾಜ್ಯ ಸೋತ, ತಮ್ಮಂದಿರನ್ನು ಸೋತ, ತನ್ನನ್ನೇ ಸೋತ, ಆಮೇಲೂ ನಿಲ್ಲಿಸಲಾರದೆ ಹೆಂಡತಿಯನ್ನು ಒಡ್ಡಿದ. ಧರ್ಮರಾಯನಂಥವನಿಗೂ ಏಳಲಾಗಲಿಲ್ಲ. 1980ರಲ್ಲಿ ಅಮೆರಿಕದ ಮನೋವೈದ್ಯರು ಇದನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಿದರು. 2013ರಲ್ಲಿ ಕುಡಿತ, ಮಾದಕವಸ್ತುಗಳ ಸಾಲಿಗೇ ತಂದು ಕೂರಿಸಿದರು. ಒಂದು ಮಾತು ಇಲ್ಲೇ ಸೇರಿಸುತ್ತೇವೆ, ಹಿರಿಯರಿರುವ ಮನೆಗಳಿಗೆ ಬೇಕಾದದ್ದು. ನಡುಕದ ಕಾಯಿಲೆ ಪಾರ್ಕಿನ್‌ಸನ್‌ಗೆ ಕೊಡುವ ಪ್ರಾಮಿಪೆಕ್ಸೋಲ್‌ನಂಥ ಮಾತ್ರೆಗಳಿಂದ ಕೆಲವರಿಗೆ ಇದ್ದಕ್ಕಿದ್ದಂತೆ ಜೂಜಿನ ಹುಚ್ಚು ಹಿಡಿಯುತ್ತದೆಂದು 2005ರಲ್ಲಿ ಮೇಯೊ ಕ್ಲಿನಿಕ್‌ನ ವೈದ್ಯರು ವರದಿ ಮಾಡಿದರು. ಮಾತ್ರೆ ಇಳಿಸಿದರೆ ಅಥವಾ ನಿಲ್ಲಿಸಿದರೆ ಹುಚ್ಚೂ ಇಳಿಯುತ್ತದೆ. ಮನೆಯಲ್ಲಿ ಅಂಥ ಬದಲಾವಣೆ ಕಂಡರೆ ಬೈಯುವ ಮೊದಲು ಅವರ ಡಾಕ್ಟರಿಗೆ ಹೇಳಿ. ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ.

ರೋಗಿಯ ಗುಟ್ಟು ಬರೆಯುವಂತಿಲ್ಲ. ಗುರುತು ಸಿಗದಂತೆ ಒಬ್ಬರ ವಿಷಯ ಹೇಳುತ್ತೇವೆ, ನಮ್ಮ ಸಂಘದವರಲ್ಲ, ನಮ್ಮ ದೇಶದವರೂ ಅಲ್ಲ. ಸಕ್ಕರೆ ಕಾಯಿಲೆ, ಇನ್ಸುಲಿನ್ ಬೇಕು. ಬಹಳ ಲವಲವಿಕೆಯ ಮನುಷ್ಯ. ಬಂದರೆ ಕ್ಲಿನಿಕ್ಕೇ ನಗುತ್ತಿತ್ತು. ನರ್ಸ್‌ಗಳಿಗೆ ಅವರೆಂದರೆ ಪ್ರೀತಿ. ಪ್ರತಿ ಸಲ ಸಕ್ಕರೆಯ ಅಂಕಿ ಬರೆದ ಪುಟ್ಟ ಪುಸ್ತಕ ತರುತ್ತಿದ್ದರು. 110, 118, 124, ಮುತ್ತಿನಂಥ ಅಕ್ಷರ. ಆದರೆ ಮೂರು ತಿಂಗಳ ಸಕ್ಕರೆಯ ಕತೆ ಹೇಳುವ ರಕ್ತಪರೀಕ್ಷೆ ಮಾತ್ರ ಬೇರೆಯೇ ಹೇಳುತ್ತಿತ್ತು. ನಾವು ಲ್ಯಾಬಿನವರನ್ನು ಅನುಮಾನಿಸಿದೆವು. ಎರಡು ಸಲ ಮರುಪರೀಕ್ಷೆ ಮಾಡಿಸಿದೆವು. ಪುಸ್ತಕವಿಡೀ ಒಂದೇ ಪೆನ್ನಿನಲ್ಲಿ, ಒಂದೇ ಕೂರಿನಲ್ಲಿ ಬರೆದದ್ದೆಂದು ಕಾಣಲು ನಮಗೆ ಒಂದೂವರೆ ವರ್ಷ ಬೇಕಾಯಿತು. ಅಷ್ಟು ಇಷ್ಟವಾಗಿದ್ದ ಮನುಷ್ಯ! ಕೊನೆಗೆ ಒಂದು ದಿನ ಅವರ ಹೆಂಡತಿ ಕಾರಿಡಾರಿನಲ್ಲಿ ನಿಲ್ಲಿಸಿ, ಇನ್ಸುಲಿನ್ನಿನ ದುಡ್ಡು ಪ್ರತಿ ಶುಕ್ರವಾರ ಸಂಜೆ ಎಲ್ಲಿಗೆ ಹೋಗುತ್ತದೆಂದು ಹೇಳಿದರು. ಒಂದು ಸೀಸೆಯನ್ನು ಎರಡು ತಿಂಗಳು ಎಳೆಯುತ್ತಿದ್ದರಂತೆ. ಆ ವೇಳೆಗೆ ಪಾದದ ಎರಡು ಬೆರಳು ಹೋಗಿದ್ದವು.

ಬೆನೆಡಿಕ್ಟ್‌ನ ತಿಜೋರಿಯ 16 ಕೋಟಿಯಲ್ಲಿ ಆ ಶುಕ್ರವಾರಗಳೂ ಇವೆ. ಅದನ್ನು ಕ್ಲೂನಿ ಕದ್ದರೆ ನಮಗೆ ಖುಷಿ, ಏಕೆಂದರೆ ಬೆನೆಡಿಕ್ಟ್ ಕಳೆದುಕೊಳ್ಳುತ್ತಾನೆ. ಆದರೆ ಡ್ಯಾನಿಯ ಹನ್ನೊಂದು ಮಂದಿ ಅದನ್ನು ಯಾರಿಗೂ ಹಿಂತಿರುಗಿಸಲಿಲ್ಲ. ನಾವೂ ಕೇಳಲಿಲ್ಲ. ನಿಜವಾದ ಬೆಲಾಜಿಯೊ ತನ್ನ ಅಂಗಳವನ್ನು ಚಿತ್ರೀಕರಣಕ್ಕೆ ಬಿಟ್ಟುಕೊಟ್ಟದ್ದು ಸುಮ್ಮನೆ ಅಲ್ಲ. ತನ್ನನ್ನು ದೋಚುವ ಕತೆಗೆ ಯಾವ ಅಂಗಡಿಯವನು ತಾನೇ ಬಾಗಿಲು ತೆರೆಯುತ್ತಾನೆ? ಸುಮಾರು 45 ಕೋಟಿ ಡಾಲರಿನ ಟಿಕೆಟು ಜಗತ್ತಿನಾದ್ಯಂತ ಮಾರಾಟವಾಯಿತು. ನೋಡಿದವರೆಲ್ಲ ಆ ಕಾರಂಜಿಯ ಮುಂದೆ ಒಮ್ಮೆ ನಿಲ್ಲಬೇಕೆಂದುಕೊಂಡರು. ನಾವೂ 2003ರಲ್ಲಿ ವೈದ್ಯರ ಸಮ್ಮೇಳನದ ನೆಪದಲ್ಲಿ ಹೋಗಿ ನಿಂತೆವು, ಒಳಗೆ ಹೋಗಿ ಅರುವತ್ತು ಡಾಲರ್ ಕಳೆದೆವು, ನಗುತ್ತಲೇ ಕಳೆದೆವು. ಮೂರರಲ್ಲಿ ಮಿರಾಜ್ 2024ರ ಜುಲೈನಲ್ಲಿ ಬಾಗಿಲು ಹಾಕಿತು. ಅದಕ್ಕೆ ಕಾರಣ ಕಳ್ಳರಲ್ಲ.

ಮೂರನೆಯ ಎದೆನೋವು ಬಾಕಿ ಇದೆ. 2004ರ ‘ಓಷನ್ಸ್ ಟ್ವೆಲ್ವ್’ ಬಗ್ಗೆ ಹೇಳುವಂಥದ್ದೇನಿಲ್ಲ, ನಟರು ಯುರೋಪಿನಲ್ಲಿ ರಜೆ ಕಳೆದರು. ಆದರೆ 2007ರ ‘ಓಷನ್ಸ್ ಥರ್ಟೀನ್’ ಬೇರೆ. ಬಂಡವಾಳ ಹಾಕಿದ ಹಳೆಯ ಧಣಿ ರೂಬೆನ್‌ಗೆ ಹೊಸ ಕ್ಯಾಸಿನೊದ ಒಡೆಯ ವಿಲಿ ಬ್ಯಾಂಕ್, ಎಂದರೆ ಅಲ್ ಪಚಿನೊ, ಮೋಸ ಮಾಡುತ್ತಾನೆ. ರೂಬೆನ್‌ಗೆ ಹೃದಯಾಘಾತ, ಈ ಸಲ ನಿಜವಾದದ್ದು. ಮಂಚ ಹಿಡಿದು ಮಾತು ಬಿಟ್ಟು ಮಲಗಿದ ಅವನನ್ನು ಎಲಿಯಟ್ ಗೌಲ್ಡ್ ಮಾಡಿರುವ ರೀತಿ ನೋಡಿದರೆ ಹೃದಯದ ಕಾಯಿಲೆಯ ನಂತರ ಬರುವ ಖಿನ್ನತೆಯನ್ನು ಯಾರೋ ಹತ್ತಿರದಿಂದ ಕಂಡು ಬರೆದಿದ್ದಾರೆ ಅನ್ನಿಸುತ್ತದೆ. ಗೆಳೆಯರು ಸೇಡಿಗೆ ಹೊರಡುತ್ತಾರೆ. ತಿಜೋರಿಯಲ್ಲ ಅವರ ಗುರಿ. ಪಗಡೆ, ಇಸ್ಪೀಟು, ಯಂತ್ರ ಎಲ್ಲದರಲ್ಲೂ ಕೈಚಳಕ ಮಾಡಿ ಕ್ಯಾಸಿನೊದಲ್ಲಿ ಆಡುವ ಜನರೇ ಗೆಲ್ಲುವಂತೆ ಮಾಡುತ್ತಾರೆ! ಗೆದ್ದವರು ಗೆದ್ದ ಹಣ ಮತ್ತೆ ಆಡಿ ಕಳೆಯದೆ ಎದ್ದು ಹೋಗಲೆಂದು ಸುಳ್ಳು ಭೂಕಂಪವನ್ನೂ ತರಿಸುತ್ತಾರೆ. ಅಂದರೆ ಜೂಜುಗಾರನನ್ನು ಎಬ್ಬಿಸಲು ಭೂಮಿಯೇ ನಡುಗಬೇಕು ಎಂಬುದು ಚಿತ್ರಕಥೆಯವರಿಗೆ ಗೊತ್ತು. ಪಗಡೆ ತಯಾರಾಗುವ ಮೆಕ್ಸಿಕೊದ ಕಾರ್ಖಾನೆಗೆ ಹೋದ ತಮ್ಮನೊಬ್ಬ ದಾಳ ಕೆಡಿಸುವುದನ್ನು ಮರೆತು ಕಾರ್ಮಿಕರ ಮುಷ್ಕರಕ್ಕೆ ಮುಂದಾಳಾಗುವ ಪ್ರಸಂಗವಂತೂ ಮೂರೂ ಚಿತ್ರಗಳಲ್ಲಿ ಅತ್ಯಂತ ನಗು ಬರಿಸುವಂಥದ್ದು.

ಮೊದಲ ಚಿತ್ರದ ನಯ ಇದಕ್ಕಿಲ್ಲ. ಎಳೆಗಳು ಹೆಚ್ಚು, ಉಸಿರಾಡಲು ಬಿಡುವು ಕಡಿಮೆ. ಆದರೂ ಅಜ್ಜಿಯ ಪ್ರಶ್ನೆ ಇದನ್ನು ಬರೆದವರ ಕಿವಿಗೂ ಬಿದ್ದಿತ್ತೋ ಏನೋ. ಒಂದು ಮಾತ್ರ ಗಮನಿಸಬೇಕು. ಕಳ್ಳರು ಗೆಲ್ಲುವ ಕ್ಯಾಸಿನೊ ನಿಜವಾದದ್ದು, ಅದಕ್ಕೆ ಬೀದಿ ಇದೆ, ವಿಳಾಸ ಇದೆ. ಆಡುವವರೆಲ್ಲ ಗೆಲ್ಲುವ ಕ್ಯಾಸಿನೊ ಕಲ್ಪನೆಯದು.

ಈಗ ಬರೆಯಲು ಇನ್ನೊಂದು ಕಾರಣ ಒದಗಿತೆಂದು ಏಕೆ ಹೇಳಿದೆವೆಂದರೆ, ಅಂದು ಸಂಜೆ ದೀಪ ಹತ್ತಿದ ಕೂಡಲೆ, ಚಪ್ಪಾಳೆ ಇನ್ನೂ ನಿಂತಿರಲಿಲ್ಲ, ಕನ್ನಡ ಶಾಲೆಯ ನಿಧಿಗಾಗಿ ಸಂಘದಿಂದ ಕ್ಯಾಸಿನೊ ಬಸ್ ಪ್ರವಾಸ ಏರ್ಪಡಿಸುವ ವಿಚಾರವಿದೆ ಎಂದು ಘೋಷಣೆಯಾಯಿತು. ಹತ್ತಿದವರಿಗೆಲ್ಲ ಆಡಲು ಕೂಪನ್, ಊಟ ಬಿಟ್ಟಿ. ಬಸ್ಸು ತುಂಬಿಸಿದರೆ ಸಂಘಕ್ಕೂ ತಲೆಗಿಷ್ಟು ಸಿಗುತ್ತದಂತೆ. ಆ ಗಳಿಗೆಯಲ್ಲಿ ಕೇಳಿದ್ದರೆ ನಾವೇ ಮೊದಲು ಕೈ ಎತ್ತುತ್ತಿದ್ದೆವು. ಚಿತ್ರದ ಗುಂಗು ಅಂಥದ್ದು. ಸೋಡರ್‌ಬರ್ಗ್ ನಮ್ಮ ಜೇಬಿಗೆ ಕೈಹಾಕಿದ್ದು ಆಗ ಗೊತ್ತಾಗಲಿಲ್ಲ.

ಸಭಾಂಗಣದಲ್ಲಿ ಪ್ಲಾಸ್ಟಿಕ್ ಬಿಲ್ಲೆ ಇಟ್ಟು, ಟಿಕೆಟಿನ ಹಣ ಶಾಲೆಗೆ, ಗೆದ್ದವರಿಗೆ ಪ್ರೆಷರ್ ಕುಕ್ಕರ್ ಎಂದು ಒಂದು ಸಂಜೆ ಆಡಿಸಿದರೆ ನಾವೂ ಬಂದು ಎಲೆ ಹಂಚುತ್ತೇವೆ. ದೀಪಾವಳಿಯಲ್ಲಿ ಇಸ್ಪೀಟು ಆಡಿದ ಕೈಗಳೇ ಇವು. ಬಸ್ಸಿನ ವಿಷಯ ಬೇರೆ. ಅದರಲ್ಲಿ ಹೋಗುವವರು ಯಾರು? ಆರು ತಿಂಗಳಿಗೆಂದು ಬಂದು, ಕಾರು ಬಿಡಲು ಬಾರದೆ, ಮಗ ಸೊಸೆ ಕೆಲಸಕ್ಕೆ ಹೋದ ಮೇಲೆ ಕಿಟಕಿಯ ಹಿಮ ನೋಡುತ್ತ ಕೂರುವ ನಮ್ಮ ಅಪ್ಪ ಅಮ್ಮಂದಿರು. ದೀಪ, ಸದ್ದು, ಜನ, ಮಾತಾಡಿಸುವವರು, ಬಿಟ್ಟಿ ಕಾಫಿ. ಅವರಿಗೆ ಅಲ್ಲಿ ಹಿತವೆನಿಸುವುದರಲ್ಲಿ ಆಶ್ಚರ್ಯವಿಲ್ಲ. ಆ ಯಂತ್ರಗಳ ಮುಂದೆ ಅವರನ್ನು ಕೂರಿಸಿ ಬಂದ ತಲೆಗಿಷ್ಟರಲ್ಲಿ ಮಕ್ಕಳಿಗೆ ಅ ಆ ಇ ಈ ಕಲಿಸುವುದು ನಮಗೆ ಒಪ್ಪಿಗೆಯಿಲ್ಲ. ಹೀಗೆಂದು ಸಮಿತಿಗೆ ಬೇರೆ ಪತ್ರ ಕೊಟ್ಟಿದ್ದೇವೆ. ನಿಧಿಗೆ ಬೇಕಾದ ಹಣದಲ್ಲಿ ನಮ್ಮ ಪಾಲಿನ ಚೆಕ್ಕನ್ನೂ ಅದರೊಡನೆ ಇಟ್ಟಿದ್ದೇವೆ, ಬರೀ ಮಾತು ಅನ್ನಬಾರದಲ್ಲ.

ಮುಂದಿನ ಚಿತ್ರಸಂಜೆಗೆ 1960ರ ಚಿತ್ರ ಹಾಕೋಣವೆಂದೂ ಕೇಳಿದ್ದೇವೆ. ಎರಡು ಗಂಟೆ ಏಳು ನಿಮಿಷ. ಸೋಫಾದ ದೃಶ್ಯಗಳಲ್ಲಿ ಜನ ತೂಕಡಿಸುತ್ತಾರೆ, ಆದ್ದರಿಂದ ಕಾಫಿಯನ್ನು ಕೊನೆಗೆ ಇಡದೆ ಮೊದಲ ಗಂಟೆಯಲ್ಲೇ ಕೊಡುವುದು ಒಳ್ಳೆಯದು. ತಿಪಟೂರಿನ ಅಜ್ಜಿ ಮುಂದಿನ ತಿಂಗಳ 20ಕ್ಕೆ ಊರಿಗೆ ಹೊರಡುತ್ತಾರೆ, ಅಷ್ಟರೊಳಗೆ ಆದರೆ ಅನುಕೂಲ.